ಮೌನವನ್ನು ಸಮ್ಮತಿ ಅಂದುಕೊಂಡು ಕೆಟ್ಟೆ

ಒಂದು ಓಪನ್ ಸೋರ್ಸ್ (ಕೋಡನ್ನು ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್) ಪ್ರಾಜೆಕ್ಟಿಗಾಗಿ ಬೇರೆ ಬೇರೆ ದೇಶಗಳ ಸ್ವಯಂಸೇವಕರು ನಡೆಸುವ ಕಾರ್ಯಕ್ರಮಗಳನ್ನು ಹೊಂದಿಸುವುದು ನನ್ನ ಕೆಲಸ. ಇದಕ್ಕೆ ನನಗೆ ಸಂಬಳ ಬರುತ್ತದೆ. ನಾನು ದಿನವೂ ಮಾತಾಡುವ ಜನಕ್ಕೆ ಬರುವುದಿಲ್ಲ. ಆಫೀಸು, ಕಾಲೇಜು, ಮನೆ, ಮಕ್ಕಳು ಎಲ್ಲ ಮುಗಿದು ಉಳಿದ ಹೊತ್ತಿನಲ್ಲಿ ಅವರು ಹಾಲ್ ಹುಡುಕುತ್ತಾರೆ, ಮಾತಾಡುವವರನ್ನು ಒಪ್ಪಿಸುತ್ತಾರೆ, ಪ್ರೊಜೆಕ್ಟರ್ ಹೊತ್ತು ತರುತ್ತಾರೆ. ಈ ವ್ಯತ್ಯಾಸ ನನಗೆ ಮೊದಲ ದಿನವೇ ಗೊತ್ತಿತ್ತು. ಆದರೆ ಅದಕ್ಕೆ ತಕ್ಕಂತೆ ನನ್ನ ಕೆಲಸದ ರೀತಿ ಬದಲಾಗಬೇಕು ಅನ್ನೋದು ತಲೆಗೆ ಹೋಗಲು ಬೀಗ ಹಾಕಿದ ಒಂದು ಗೇಟು ಬೇಕಾಯಿತು.

ಹೊಸ ಆವೃತ್ತಿ ಬಿಡುಗಡೆಯಾಗುವ ವಾರ ಹನ್ನೊಂದು ಊರುಗಳಲ್ಲಿ ಕೂಟ ಇಟ್ಟುಕೊಂಡಿದ್ದೆವು. ಎಲ್ಲರಿಗೂ ಸೇರಿ ಒಂದೇ ಶೀಟ್. ಊರಿಗೊಂದು ಸಾಲು. ಕೆಲಸ ಆಗಿದ್ದರೆ ಹಸಿರು, ಬಾಕಿ ಇದ್ದರೆ ಹಳದಿ. ಒಂದು ಊರಿನ ಸಾಲು ಮೊದಲ ವಾರವೇ ಪೂರ್ತಿ ಹಸಿರಾಯಿತು. ಆಮೇಲೆ ನಾನು ಕಳಿಸಿದ ಪ್ರತಿ ಮೆಸೇಜಿಗೂ ಒಂದು ಹೆಬ್ಬೆರಳಿನ ಗುರುತು ಬರುತ್ತಿತ್ತು, ಅಷ್ಟೇ. ತಂಟೆ ಇಲ್ಲದ ತಂಡ ಅಂತ ನಾನು ಖುಷಿಯಾಗಿದ್ದೆ. ದಿನಕ್ಕೆ ಹತ್ತು ಪ್ರಶ್ನೆ ಕೇಳುವ ಇನ್ನೊಂದು ಊರಿನವರ ಮೇಲೆ ಸ್ವಲ್ಪ ಬೇಸರವೂ ಇತ್ತು.

ಕಾರ್ಯಕ್ರಮದ ದಿನ ಗುಂಪಿಗೆ ಒಂದು ಫೋಟೊ ಬಂತು. ಮುಚ್ಚಿದ ಗೇಟಿನ ಮುಂದೆ ಸುಮಾರು ಮೂವತ್ತು ಜನ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ‘ಒಳಗೆ ಯಾರೂ ಇಲ್ಲ, ಜಾಗ ಇದೇ ಅಲ್ವಾ?’ ಅಂತ ಯಾರೋ ಕೇಳಿದ್ದರು. ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದೂ ನನಗೆ ಗೊತ್ತಿರಲಿಲ್ಲ.

ಅಲ್ಲಿನ ಮುಖ್ಯ ಸ್ವಯಂಸೇವಕರು ಎರಡು ವಾರ ಬಿಟ್ಟು ಮಾತಿಗೆ ಸಿಕ್ಕರು. ನಾನು ಸಿಟ್ಟಿನಲ್ಲೇ ಇದ್ದೆ. ಅವರಿಗೆ ಕೆಲಸ ಹೋಗಿತ್ತು. ಹಾಲ್ ಅನ್ನು ಬಾಯಿ ಮಾತಿನಲ್ಲಿ ಕೇಳಿಟ್ಟಿದ್ದರು, ಮತ್ತೆ ಅತ್ತ ಹೋಗಲು ಆಗಿರಲಿಲ್ಲ. ‘ನಿಮ್ಮ ಮೆಸೇಜು ಬಂದಾಗೆಲ್ಲ ನಾಳೆ ಸರಿ ಮಾಡ್ತೀನಿ ಅಂದುಕೊಳ್ತಿದ್ದೆ. ದಿನ ಹತ್ತಿರ ಬಂದ ಹಾಗೆ ಹೇಳೋಕೆ ಇನ್ನೂ ನಾಚಿಕೆ ಆಯ್ತು’ ಅಂದರು. ಸಿಟ್ಟು ಅಲ್ಲಿಗೇ ಇಳಿಯಿತು. ಆಫೀಸಿನಲ್ಲಿ ಬಿಟ್ಟು ಹೋಗುವವರಿಗೆ ಒಂದು ದಾರಿ ಇದೆ. ರಾಜೀನಾಮೆ ಕೊಡಬಹುದು, ರಜೆ ಹಾಕಬಹುದು, ಕೆಲಸ ಇನ್ನೊಬ್ಬರಿಗೆ ವಹಿಸಿ ಹೋಗಬಹುದು. ಸ್ವಯಂಸೇವಕರಿಗೆ ಬರುವುದಕ್ಕೆ ನಾವು ದೊಡ್ಡ ಬಾಗಿಲು ಇಟ್ಟಿರುತ್ತೇವೆ. ಹೋಗುವುದಕ್ಕೆ ಕಿಟಕಿಯೂ ಇರುವುದಿಲ್ಲ. ಅದಕ್ಕೇ ಅವರು ಸುಮ್ನಾಗಿಬಿಡುತ್ತಾರೆ.

ನಾನು ಆ ಮೌನವನ್ನು ತಪ್ಪಾಗಿ ಓದಿದ್ದಕ್ಕೂ ಒಂದು ಕಾರಣ ಇದೆ. ನಾನು ಈ ಕೆಲಸಕ್ಕೆ ಬಂದದ್ದು ಕೋಡ್ ಬರೆಯುವ ಕಡೆಯಿಂದ. ಅಲ್ಲಿ ಮೌನ ಅಂದರೆ ಒಪ್ಪಿಗೆ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಪ್ರಾಜೆಕ್ಟುಗಳಲ್ಲಿ ಇದಕ್ಕೆ ‘ಲೇಜಿ ಕನ್ಸೆನ್ಸಸ್’ ಅನ್ನೋ ಹೆಸರೇ ಇದೆ. ನಾನು ಹೀಗೆ ಮಾಡುತ್ತೇನೆ ಅಂತ ಎಲ್ಲರಿಗೂ ತಿಳಿಸಿ, ಸಾಮಾನ್ಯವಾಗಿ 72 ಗಂಟೆ ಕಾಯುತ್ತಾರೆ. ಅಷ್ಟರೊಳಗೆ ಯಾರೂ ಬೇಡ ಅನ್ನದಿದ್ದರೆ ಮುಂದೆ ಹೋಗಬಹುದು. ಮೌನಂ ಸಮ್ಮತಿ ಲಕ್ಷಣಂ ಅನ್ನೋದರ ಸಾಫ್ಟ್‌ವೇರ್ ಆವೃತ್ತಿ ಅದು. ಕೋಡಿಗೆ ಇದು ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ತಪ್ಪಾದರೆ ಬದಲಾವಣೆಯನ್ನು ವಾಪಸ್ ತೆಗೆಯಬಹುದು. ಗೇಟಿನ ಮುಂದೆ ನಿಂತು ಹೋದ ಮೂವತ್ತು ಜನರ ಮಧ್ಯಾಹ್ನವನ್ನು ಹೇಗೆ ವಾಪಸ್ ತೆಗೆಯೋದು?

ಆಮೇಲೆ ಒಂದು ತಾರೀಖು ಇಟ್ಟೆವು. ಕಾರ್ಯಕ್ರಮಕ್ಕೆ ಸರಿಯಾಗಿ ಮೂವತ್ತು ದಿನ ಮುಂಚೆ. ನಮ್ಮ ತಂಡದಲ್ಲಿ ಅದಕ್ಕೆ ‘ಕೈಬಿಡುವ ದಿನ’ ಅನ್ನುತ್ತೇವೆ. ಆ ದಿನ ಪ್ರತಿ ಊರಿಗೂ ನಾನೇ ಬರೆಯುತ್ತೇನೆ. ಉತ್ತರ ಮೂರರಲ್ಲಿ ಒಂದು: ಮಾಡುತ್ತೇವೆ, ಚಿಕ್ಕದಾಗಿ ಮಾಡುತ್ತೇವೆ, ಈ ಸಲ ಆಗಲ್ಲ. ಕಾರಣ ಕೇಳುವುದಿಲ್ಲ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಅದನ್ನು ‘ಆಗಲ್ಲ’ ಅಂತಲೇ ಓದುತ್ತೇವೆ, ಆ ಊರನ್ನು ಪಟ್ಟಿಯಿಂದ ತೆಗೆಯುತ್ತೇವೆ. ಲೇಜಿ ಕನ್ಸೆನ್ಸಸ್ಸನ್ನು ತಲೆಕೆಳಗು ಮಾಡಿದ ಹಾಗೆ.

ಮೊದಲ ಸಲ ಹನ್ನೊಂದರಲ್ಲಿ ಎರಡು ಊರು ಆಗಲ್ಲ ಅಂದವು, ಮೂರು ಚಿಕ್ಕದಾಗಿ ಅಂದವು. ನನ್ನ ಮೇಲಿನವರು ಗಾಬರಿಯಾದರು. ‘ನೀನೇ ಬೇಡ ಅನ್ನೋಕೆ ಹೇಳಿಕೊಡ್ತಿದೀಯ’ ಅಂದರು. ಅದು ನಿಜವೇ. ಆದರೆ ಆಗಲ್ಲ ಅಂದ ಎರಡು ಊರಿನವರೂ ಮುಂದಿನ ಆವೃತ್ತಿಗೆ ವಾಪಸ್ ಬಂದರು. ಮೊದಲೆಲ್ಲ ಹೀಗೆ ಸುಮ್ನಾದವರು ನಾಚಿಕೆಯಿಂದ ಗುಂಪನ್ನೇ ಬಿಟ್ಟು ಹೋಗುತ್ತಿದ್ದರು.

‘ಚಿಕ್ಕದಾಗಿ’ ಅನ್ನೋ ಉತ್ತರ ನನಗೆ ತುಂಬಾ ಇಷ್ಟ. ಡೆಬಿಯನ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಕಟ್ಟುವವರಲ್ಲಿ ಬಗ್ ಸ್ಕ್ವಾಶಿಂಗ್ ಪಾರ್ಟಿ ಅಂತ ಒಂದು ಹಳೆಯ ರೂಢಿ ಇದೆ. ಕೆಲವರು ಒಂದು ಕಡೆ ಸೇರಿ, ಬಿಡುಗಡೆಗೆ ಅಡ್ಡ ನಿಂತಿರುವ ಬಗ್‌ಗಳನ್ನು (ಕೋಡಿನ ದೋಷಗಳನ್ನು) ಕೂತು ಸರಿ ಮಾಡುತ್ತಾರೆ. ವೇದಿಕೆ, ಬ್ಯಾನರ್ ಏನೂ ಬೇಡ. ನಾಲ್ಕು ಜನ, ಒಂದು ಮೇಜು, ವೈಫೈ ಇದ್ದರೆ ಸಾಕು. ಬ್ರಸೆಲ್ಸಿನ ಫಾಸ್‌ಡೆಮ್‌ನಂಥ ದೊಡ್ಡ ಓಪನ್ ಸೋರ್ಸ್ ಸಮ್ಮೇಳನದಲ್ಲೂ ಬೇರೆ ಬೇರೆ ಸಮುದಾಯಗಳಿಗೆ ಡೆವ್‌ರೂಮ್ ಅಂತ ಕೋಣೆ ಕೊಟ್ಟಿರುತ್ತಾರೆ. ಆ ಕೋಣೆಯಲ್ಲಿ ಯಾರು ಏನು ಮಾತಾಡಬೇಕು ಅನ್ನೋದನ್ನು ಆಯಾ ಸಮುದಾಯದವರೇ ಆರಿಸುತ್ತಾರೆ. ಹೊರಗಿನಿಂದ ಒಂದೇ ಜಾತ್ರೆ, ಒಳಗೆ ಹತ್ತಾರು ಚಿಕ್ಕ ಕೂಟಗಳು. ನಾನು ಮಾತ್ರ ಹನ್ನೊಂದು ಊರಿಗೂ ಒಂದೇ ಅಳತೆಯ ಅಂಗಿ ಹೊಲಿಸಲು ಹೊರಟಿದ್ದೆ.

ಅಂಗಿ ಅಂದಾಗ ನೆನಪಾಯಿತು. ಒಂದು ವರ್ಷ ಎಲ್ಲರ ಟೀ ಶರ್ಟನ್ನೂ ಒಂದೇ ಕಡೆ ಹಾಕಿಸಿ ಪಾರ್ಸೆಲ್ ಮಾಡಿದೆ. ಒಂದು ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ನಿಂತಿತು. ಬಿಡಿಸಿಕೊಳ್ಳಲು ಸುಂಕ ಕಟ್ಟಿದ್ದು ಯಾರು? ಪುಕ್ಕಟೆ ಕೆಲಸ ಮಾಡುತ್ತಿದ್ದ ಆ ಊರಿನ ಹುಡುಗಿ. ಈಗ ಡಿಸೈನಿನ ಫೈಲ್ ಮತ್ತು ಪ್ರಿಂಟಿಗೆ ದುಡ್ಡು ಕಳಿಸುತ್ತೇವೆ. ಬಣ್ಣ ಊರಿಂದೂರಿಗೆ ಸ್ವಲ್ಪ ಬೇರೆಯಾಗುತ್ತದೆ, ಆಗಲಿ. ದುಡ್ಡನ್ನೂ ಮುಂಗಡ ಕೊಡುತ್ತೇವೆ. ಮೊದಲು ಖರ್ಚು ಮಾಡಿ ಆಮೇಲೆ ರಶೀದಿ ಕಳಿಸಿ ಅನ್ನೋ ನಿಯಮ ಇತ್ತು. ಕೈಯಲ್ಲಿ ದುಡ್ಡಿದ್ದವರು ಮಾತ್ರ ಸಂಘಟಕರಾಗಬಹುದು ಅನ್ನೋದನ್ನೇ ಅದು ಬೇರೆ ಮಾತಿನಲ್ಲಿ ಹೇಳುತ್ತಿತ್ತು. ಮುಂಗಡಕ್ಕೆ ಲೆಕ್ಕಪತ್ರದವರನ್ನು ಒಪ್ಪಿಸಲು ಎಂಟು ತಿಂಗಳು ಹಿಡಿಯಿತು. ಆ ಕಥೆ ಇಲ್ಲಿ ಬೇಡ.

ಹೊತ್ತಿನ ಗೊಂದಲದ ಬಗ್ಗೆ ಮಾತ್ರ ಹೇಳಲೇಬೇಕು. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಬೇಸಿಗೆಯ ಹಗಲನ್ನು ಬಳಸಿಕೊಳ್ಳಲು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಯುರೋಪಿನಲ್ಲಿ ಕೊನೆಯ ಭಾನುವಾರ. ಮಧ್ಯದ ಎರಡು ಮೂರು ವಾರ ಅಮೆರಿಕದವರೂ ಯುರೋಪಿನವರೂ ಎಂದಿನ ಲೆಕ್ಕದಲ್ಲಿ ಕಾಲ್‌ಗೆ ಬಂದರೆ ಒಂದು ಗಂಟೆ ಹೆಚ್ಚು ಕಡಿಮೆಯಾಗುತ್ತದೆ. ಬ್ರೆಜಿಲ್ 2019ರಲ್ಲಿ ಈ ಪದ್ಧತಿಯನ್ನೇ ಬಿಟ್ಟಿತು. ಭಾರತ ಯುಟಿಸಿಗಿಂತ (ಎಲ್ಲ ದೇಶಗಳ ಹೊತ್ತನ್ನು ಅಳೆಯುವ ಸಾಮಾನ್ಯ ಹೊತ್ತು) ಐದೂವರೆ ಗಂಟೆ ಮುಂದಿದ್ದರೆ ನೇಪಾಳ ಐದೂಮುಕ್ಕಾಲು ಗಂಟೆ ಮುಂದಿದೆ. ಇನ್ನು ‘ಐಎಸ್‌ಟಿ’ ಅಂತ ಬರೆದರೆ ಭಾರತದವರು, ಐರ್ಲೆಂಡಿನವರು, ಇಸ್ರೇಲಿನವರು ಮೂವರೂ ತಮ್ಮದೇ ಅಂದುಕೊಳ್ಳುತ್ತಾರೆ. ಒಮ್ಮೆ ನಾನು ಹಾಗೆ ಬರೆದದ್ದಕ್ಕೆ ಭಾಷಣ ಮಾಡಬೇಕಾದವರೇ ಮೂರೂವರೆ ಗಂಟೆ ತಡವಾಗಿ ಬಂದರು. ಈಗ ಯುಟಿಸಿ ಹೊತ್ತಿನ ಪಕ್ಕ ಊರಿನ ಹೆಸರು ಬರೆಯುತ್ತೇನೆ, ಅಕ್ಷರಗಳ ಗುರುತು ಬರೆಯುವುದಿಲ್ಲ. ಕಾಲ್‌ನ ಹೊತ್ತನ್ನೂ ಸರದಿಯ ಮೇಲೆ ಬದಲಿಸುತ್ತೇವೆ. ನನಗೆ ಅನುಕೂಲವಾದ ಸಂಜೆ ಇನ್ಯಾರಿಗೋ ಬೆಳಗಿನ ಜಾವ ಮೂರು ಗಂಟೆ ಅನ್ನೋದು ನನಗೇ ಆ ಸರದಿ ಬಂದಾಗ ಚೆನ್ನಾಗಿ ಗೊತ್ತಾಯಿತು.

ಶೀಟ್ ಇನ್ನೂ ಇದೆ. ಆದರೆ ಹಸಿರು, ಹಳದಿ ತೆಗೆದೆವು. ಈಗ ಎರಡು ಕಾಲಂ: ಬೀಗದ ಕೈ ಯಾರ ಹತ್ತಿರ ಇದೆ, ಅವರಿಗೆ ಆಗದಿದ್ದರೆ ಯಾರ ಹತ್ತಿರ. ಎರಡನೇ ಹೆಸರು ಖಾಲಿ ಇದ್ದರೆ ಆ ಊರಿನ ಕಾರ್ಯಕ್ರಮವನ್ನು ನಾವು ಹೊರಗೆ ಪ್ರಕಟಿಸುವುದಿಲ್ಲ. ಸಿಟ್ಟಾಗುವವರು ಇದ್ದಾರೆ. ಇಬ್ಬರು ಸಿಗದ ಊರಿನಲ್ಲಿ ಎರಡನೆಯವರನ್ನು ಎಲ್ಲಿಂದ ತರಲಿ ಅಂತ ಒಬ್ಬರು ಕೇಳಿದರು. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಅಂಥ ಕಡೆ ಆನ್‌ಲೈನ್ ಕೂಟವನ್ನು ಪಕ್ಕದ ದೇಶದವರ ಜೊತೆ ಸೇರಿ ಮಾಡಿ ಅನ್ನುತ್ತೇನೆ, ಅದು ಅರ್ಧ ಉತ್ತರ ಅಂತ ಗೊತ್ತಿದ್ದೇ.

ಮುಂದಿನ ಆವೃತ್ತಿಯ ಕೈಬಿಡುವ ದಿನ ನಿನ್ನೆ ಇತ್ತು. ಒಂಬತ್ತು ಊರುಗಳಿಂದ ಉತ್ತರ ಬಂದಿದೆ. ಗೇಟು ಮುಚ್ಚಿದ್ದ ಊರಿನಿಂದಲೂ ಬಂದಿದೆ: ಚಿಕ್ಕದಾಗಿ, ಆರು ಜನ, ಬೀಗದ ಕೈ ಇಬ್ಬರ ಹತ್ತಿರ. ಇನ್ನೆರಡು ಊರಿನವರಿಗೆ ನಾಳೆ ಸಂಜೆವರೆಗೆ ಕಾಯಬೇಕು.