ಬ್ಯಾಟರಿ ಸ್ಪ್ರಿಂಕ್ಲರ್ ದಿನಚರಿ: ಛಾವಣಿಯಿಂದ ಸೂರಿನ ಕೆಳಕ್ಕೆ

ಫೆಬ್ರುವರಿ 9, 2025

ಲಾಸ್ ಏಂಜಲೀಸ್‌ನ ಬೆಂಕಿ ಪೂರ್ತಿ ಹತೋಟಿಗೆ ಬಂದು ವಾರದ ಮೇಲಾಯಿತು. ಜನವರಿ 7ರಂದು ಒಂದೇ ದಿನ ಹೊತ್ತಿಕೊಂಡ ಪ್ಯಾಲಿಸೇಡ್ಸ್ ಮತ್ತು ಈಟನ್ ಬೆಂಕಿಗಳು ಸೇರಿ 16,000ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿವೆ. ಪ್ಯಾಲಿಸೇಡ್ಸ್‌ನ ಎತ್ತರದ ಬೀದಿಗಳಲ್ಲಿ ಬೆಂಕಿ ಆರಿಸಲೆಂದೇ ಇರುವ ಹೈಡ್ರಂಟ್ ನಲ್ಲಿ ತಿರುಗಿಸಿದರೆ ನೀರೇ ಬರಲಿಲ್ಲವಂತೆ. ಅದನ್ನು ಓದಿದ ರಾತ್ರಿ ಎದ್ದು ಹೋಗಿ ಹಿತ್ತಲಿನ ಟ್ಯಾಂಕನ್ನು ಬಡಿದು ನೋಡಿದೆ. ತುಂಬಿತ್ತು. ಆದರೆ ಅದರ ನೀರನ್ನು ಎತ್ತುವ ಪಂಪು ನಡೆಯುವುದು ಕಂಬದಿಂದ ಬರುವ ವಿದ್ಯುತ್ತಿನಿಂದ.

ನಮ್ಮ ಮನೆ ಇರುವುದು ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕೆ, ಸಾಂಟಾ ಕ್ರೂಜ್ ಬೆಟ್ಟಗಳಲ್ಲಿ, ಬೋಲ್ಡರ್ ಕ್ರೀಕ್ ಊರಿನ ಹತ್ತಿರ. 2020ರ ಆಗಸ್ಟ್ 16ರಂದು ಮಳೆಯಿಲ್ಲದ ಸಿಡಿಲು ಬಡಿದು ಹತ್ತಿದ ಸಿಝಡ್‌ಯು ಎಂಬ ಹೆಸರಿನ ಬೆಂಕಿ 86,000 ಎಕರೆ ಸುಟ್ಟು, ಸುಮಾರು 1,490 ಕಟ್ಟಡಗಳನ್ನು ಬೂದಿ ಮಾಡಿದ್ದು ಇದೇ ಬೆಟ್ಟಗಳಲ್ಲಿ. ನಾವು ಈ ಮನೆ ಕೊಂಡದ್ದು ಅದಾದ ಎರಡು ವರ್ಷಕ್ಕೆ. ರಸ್ತೆಯಾಚೆಯ ನಿವೇಶನದಲ್ಲಿ ಇವತ್ತಿಗೂ ಇಟ್ಟಿಗೆಯ ಹೊಗೆಗೂಡು ಒಂದೇ ನಿಂತಿದೆ. ಅಡುಗೆಮನೆಯ ಕಿಟಕಿಯಿಂದ ಅದೇ ಕಾಣುವುದು.

ಇಲ್ಲಿ ಬೆಂಕಿಗೆ ಮೊದಲು ವಿದ್ಯುತ್ ಹೋಗುತ್ತದೆ. 2018ರ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚು ವಿದ್ಯುತ್ ಸಾಗಣೆ ತಂತಿಯಿಂದ ಹೊತ್ತಿ 85 ಜನರನ್ನು ಬಲಿ ತೆಗೆದುಕೊಂಡ ಮೇಲೆ, ಒಣಗಾಳಿ ಎದ್ದಾಗ ಮುಂಚಿತವಾಗಿ ವಿದ್ಯುತ್ ಕಡಿತ ಮಾಡುವುದು ವಾಡಿಕೆಯಾಗಿದೆ. ಸಾರ್ವಜನಿಕ ನಲ್ಲಿಯ ನೀರನ್ನು ನಂಬುವಂತೆಯೂ ಇಲ್ಲ. ಮನೆ ಬಿಟ್ಟು ಹೊರಡುವಾಗ ಸ್ಪ್ರಿಂಕ್ಲರ್ ಹಾಕಿ ಹೋಗಬೇಡಿ, ಅಗ್ನಿಶಾಮಕರಿಗೆ ಬೇಕಾದ ಒತ್ತಡ ಬಿದ್ದುಹೋಗುತ್ತದೆ ಎಂದು ರಾಜ್ಯದ ಅಗ್ನಿಶಾಮಕ ಇಲಾಖೆಯೇ ಹೇಳುತ್ತದೆ. ನ್ಯಾಯವಾದ ಮಾತು. ಹಾಗಾಗಿ ಛಾವಣಿಗೆ ಸ್ಪ್ರಿಂಕ್ಲರ್ ಹಾಕಿ ಮನೆಯನ್ನು ಒದ್ದೆಯಾಗಿಡಬೇಕೆಂದರೆ ಟ್ಯಾಂಕೂ ನಮ್ಮದೇ ಆಗಬೇಕು, ಬ್ಯಾಟರಿಯೂ ನಮ್ಮದೇ ಆಗಬೇಕು.

ತಂದದ್ದು ಇಷ್ಟು: 12.8 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ದೋಣಿಗಳಲ್ಲಿ ಬಳಸುವ 12 ವೋಲ್ಟಿನ ಡಯಾಫ್ರಂ ಪಂಪು, ನಿಮಿಷಕ್ಕೆ ಸುಮಾರು 20 ಲೀಟರ್. ಹಿತ್ತಾಳೆಯ ಮೂರು ಸ್ಪ್ರಿಂಕ್ಲರ್. ಬಿಳಿ ಪಿವಿಸಿ ಪೈಪು. ಟ್ಯಾಂಕು ಮೊದಲೇ ಇತ್ತು, 2,500 ಗ್ಯಾಲನ್, ಅಂದರೆ 9,400 ಲೀಟರಿಗೆ ಸ್ವಲ್ಪ ಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಹೇಳಿ ಮುಗಿಸಿದ್ದಾರೆ.

ಫೆಬ್ರುವರಿ 23

ಬ್ಯಾಟರಿಯನ್ನು ಗ್ಯಾರೇಜಿನಲ್ಲಿಟ್ಟು, ಪಂಪನ್ನು ಟ್ಯಾಂಕಿನ ಬುಡದಲ್ಲಿಟ್ಟು, ನಡುವೆ ಹತ್ತು ಮೀಟರ್ ತಂತಿ ಎಳೆದೆ. ಕೈಯಲ್ಲಿದ್ದದ್ದು 2 ಚದರ ಮಿಲಿಮೀಟರಿನ ತಂತಿ. ಸ್ವಿಚ್ ಒತ್ತಿದರೆ ಪಂಪು ಮುದುಕನ ಹಾಗೆ ಕೆಮ್ಮಿತು. ಸ್ಪ್ರಿಂಕ್ಲರ್ ತಿರುಗಲೇ ಇಲ್ಲ, ಬಾಯಿಂದ ಜೊಲ್ಲು ಸುರಿಸುತ್ತ ನಿಂತಿತು.

ಮೀಟರ್ ಹಿಡಿದೆ. ಬ್ಯಾಟರಿಯ ಬಳಿ 13.2 ವೋಲ್ಟ್, ಪಂಪಿನ ಬಳಿ 10.4. ಹದಿನೇಳು ಆಂಪಿಯರ್ ಹರಿಯುವಾಗ, ಹೋಗಿಬರುವ ಇಪ್ಪತ್ತು ಮೀಟರ್ ತಂತಿ 2.8 ವೋಲ್ಟನ್ನು ತಾನೇ ತಿಂದು ಬಿಸಿಯಾಗಿತ್ತು. ಓಮ್‌ನ ನಿಯಮವನ್ನು ಹೈಸ್ಕೂಲಿನಲ್ಲಿ ಕಲಿತು, ಅದರ ಮೇಲೆಯೇ ಹದಿನೆಂಟು ವರ್ಷ ಸಂಬಳ ತೆಗೆದುಕೊಂಡವನು ನಾನು. ದಪ್ಪ ತಂತಿಗೆ ದುಡ್ಡು ಸುರಿಯುವ ಬದಲು ಬ್ಯಾಟರಿಯನ್ನೇ ಪಂಪಿನ ಪಕ್ಕಕ್ಕೆ ತಂದು, ಸುತ್ತ ಕಾಂಕ್ರೀಟ್ ಬ್ಲಾಕಿನ ಗೂಡು ಕಟ್ಟಿದೆ. ಬ್ಯಾಟರಿ ಕಾದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟು ತಾನಾಗಿ ಆಫ್ ಆಗುತ್ತದೆ. ಆದ್ದರಿಂದ ಗೂಡು ಮನೆಯ ಉತ್ತರಕ್ಕೆ, ನೆರಳಿನಲ್ಲಿ.

ಮಾರ್ಚ್ 16

ಮೂಡಿಗೆರೆಯ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಕಾಫಿ ತೋಟದಲ್ಲಿ ಹೂಮಳೆ ಕೈಕೊಟ್ಟಾಗಲೆಲ್ಲ ಸ್ಪ್ರಿಂಕ್ಲರ್ ಹಾಕಿ ಹೂವು ಅರಳಿಸಿದ ಕೈ ಅದು. ಸ್ಪ್ರಿಂಕ್ಲರ್ ವಿಚಾರದಲ್ಲಿ ನನಗೆ ಗೊತ್ತಿರುವ ಯಾವ ಎಂಜಿನಿಯರಿಗಿಂತ ಅವರ ಮಾತು ಹೆಚ್ಚು ನಡೆಯುತ್ತದೆ. ಫೋಟೊ ನೋಡಿ ಮೊದಲು ನೀರು ಚಿಮ್ಮುವ ನಳಿಗೆ ಬದಲಾಯಿಸಲು ಹೇಳಿದರು. ನಾನು ಹಾಕಿದ್ದು 4 ಮಿಲಿಮೀಟರ್ ತೂತಿನದು. ಅದೊಂದೇ ನಿಮಿಷಕ್ಕೆ 16 ಲೀಟರ್ ಕುಡಿಯುತ್ತದೆ. ಮೂರು ಹಾಕಿದರೆ ಯಾವುದಕ್ಕೂ ಒತ್ತಡ ಸಿಗುವುದಿಲ್ಲ. 2.4 ಮಿಲಿಮೀಟರಿಗೆ ಇಳಿಸಿದ ಮೇಲೆ ಮೂರೂ ಟಿಕ್ ಟಿಕ್ ಟಿಕ್ ಎಂದು ತಿರುಗಿದವು. ಛಾವಣಿಯ ನೆತ್ತಿಯ ಮೇಲೆ ನೀರಿನ ಕೊಡೆ ಬಿಚ್ಚಿದ ಹಾಗಿತ್ತು. ಆ ಸದ್ದಿಗೆ ಕಣ್ಣು ಮುಚ್ಚಿದರೆ ತೋಟದ ಫೆಬ್ರುವರಿ ರಾತ್ರಿ.

ವಿಡಿಯೊ ಕಳಿಸಿದೆ. ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲ ಮಾರಾಯ, ನಿಮ್ಮಲ್ಲಿ ಬೆಂಕಿ ಬರುವುದು ಗಾಳಿ ಇರುವಾಗ ಅಲ್ಲವೇ? ಗಾಳಿಯಲ್ಲಿ ಯಾರಾದರೂ ಸ್ಪ್ರಿಂಕ್ಲರ್ ಹಾಕುತ್ತಾರೆಯೇ? ನಾವು ಹಾಕುವುದೇ ಗಾಳಿ ಬಿದ್ದ ಮೇಲೆ."

ನನ್ನಲ್ಲಿ ಉತ್ತರ ಇರಲಿಲ್ಲ.

ಏಪ್ರಿಲ್ 13

ಗಾಳಿಯ ಪರೀಕ್ಷೆ. ಮನೆಯ ಸುತ್ತ, ಛಾವಣಿಯ ಮೇಲೆ, ಮರದ ಜಗಲಿಯ ಮೇಲೆ ಹನ್ನೆರಡು ಖಾಲಿ ಟ್ಯೂನಾ ಮೀನಿನ ಡಬ್ಬಿ ಇಟ್ಟೆ. ಗಾಳಿಯಿಲ್ಲದ ಬೆಳಗ್ಗೆ ಒಂದು ಗಂಟೆ ಬಿಟ್ಟಾಗ ಎಲ್ಲದರಲ್ಲೂ ಒಂದೂವರೆಯಿಂದ ಎರಡು ಮಿಲಿಮೀಟರ್ ನೀರು. ನಡುವೆ ಒಮ್ಮೆ ಪಂಪು ಕಾದು ನಿಂತಿತು. ಈ ಜಾತಿಯ ಪಂಪು ಬಿಟ್ಟು ಬಿಟ್ಟು ಓಡಲು ಹುಟ್ಟಿದ್ದು, ಅದನ್ನು ಮರೆತಿದ್ದೆ.

ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದಿತು, ಗಂಟೆಗೆ ಸುಮಾರು 40 ಕಿಲೋಮೀಟರ್. ಮತ್ತೆ ಬಿಟ್ಟೆ. ನೀರು ನಳಿಗೆಯಿಂದ ಹೊರಬಂದದ್ದಷ್ಟೇ, ಬೀಸಿ ಎಸೆದ ಹಾಗೆ ಬೇಲಿಯಾಚೆ ಹೋಯಿತು. ಗಾಳಿಗೆ ಮುಖ ಮಾಡಿದ ಗೋಡೆಯ ಬುಡದ ಐದು ಡಬ್ಬಿಗಳಲ್ಲಿ ತಳ ಸಹ ಒದ್ದೆಯಾಗಿರಲಿಲ್ಲ. ಒಂದರಲ್ಲಿ ಇರುವೆ ಓಡಾಡುತ್ತಿತ್ತು. ಪಕ್ಕದ ಮನೆಯ ಅಜ್ಜಿಯ ಕಾರು ಮಾತ್ರ ಚೆನ್ನಾಗಿ ತೊಳೆದುಕೊಂಡಿತ್ತು. ನಿಜವಾದ ಬೆಂಕಿಗಾಳಿ ಇದರ ಎರಡರಷ್ಟು ಬೀಸಬಹುದು.

ಮೇ 4

ಬೇರೆಯ ತಪ್ಪು, ಬೇಗ ಹೇಳಿ ಮುಗಿಸುತ್ತೇನೆ. ಪಂಪನ್ನು ಚಾಲೂ-ಬಂದ್ ಮಾಡಲು ಹಾಕಿದ ರಿಲೇ ಸ್ವಿಚ್ಚು 30 ಆಂಪಿಯರಿನದು ಎಂದು ಮೇಲೆ ಬರೆದಿತ್ತು. ಅದು ಎಸಿಗೆ, ಅಂದರೆ ಕಂಬದಿಂದ ಬರುವ ವಿದ್ಯುತ್ತಿಗೆ. ಬ್ಯಾಟರಿಯ ಡಿಸಿಯಲ್ಲಿ ಸಂಪರ್ಕ ಬಿಡುವಾಗ ಏಳುವ ಕಿಡಿ ಬೇಗ ಸಾಯುವುದಿಲ್ಲ. ಮಂಗಳವಾರ ನಾನು ಕಚೇರಿಯಲ್ಲಿದ್ದಾಗ ಅದರ ಎರಡು ತುದಿಗಳು ಬೆಸೆದುಕೊಂಡು, ಟ್ಯಾಂಕಿನ ಅರ್ಧ ನೀರು ಛಾವಣಿಗೆ ಸ್ನಾನ ಮಾಡಿಸಿತು. ಈಗ ಕೂಡಿ ಬಿಡುವ ತುದಿಗಳೇ ಇಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚು, ಮಾಸ್ಫೆಟ್ ಹಾಕಿದ್ದೇನೆ, ಜೊತೆಗೆ ಕೈಯಲ್ಲಿ ತಿರುಗಿಸುವ ಒಂದು ಸ್ವಿಚ್ಚು.

ಜೂನ್ 8

ಒಂದು ತಿಂಗಳು ಸ್ಕ್ರೂಡ್ರೈವರ್ ಮುಟ್ಟದೆ ಬರೀ ಓದಿದೆ, ಏಣಿ ಹತ್ತಿ ಇಳಿದೆ.

ಮನೆಗಳು ಹೊತ್ತುವುದು ಹೆಚ್ಚಾಗಿ ಜ್ವಾಲೆಯ ಗೋಡೆ ಬಂದು ಅಪ್ಪಿಕೊಂಡಲ್ಲ. ಗಾಳಿಯಲ್ಲಿ ಹಾರಿಬರುವ ಕಿಡಿಗಳಿಂದ. ಕಿಡಿ ಕೂರಲು ಜಾಗ ಹುಡುಕುತ್ತದೆ: ಸೂರಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ ಎಲೆ, ಜಗಲಿಯ ಹಲಗೆಗಳ ಸಂದು, ಅಟ್ಟದ ಗಾಳಿಕಿಂಡಿ, ಗೋಡೆಯ ಬುಡದ ಒಣ ಗಿಡ. ನಮ್ಮ ಛಾವಣಿ ಡಾಂಬರಿನ ಶಿಂಗಲ್ (ಹೆಂಚಿನಂತೆ ಹೊದಿಸುವ ಹಾಳೆ), ಬೆಂಕಿ ತಡೆಯುವುದರಲ್ಲಿ ಮೇಲಿನ ದರ್ಜೆಯದು. ಅಂದರೆ ಇಡೀ ಮನೆಯಲ್ಲಿ ನೀರಿನ ಅಗತ್ಯ ಅತಿ ಕಡಿಮೆ ಇರುವ ಜಾಗಕ್ಕೆ ನಾನು ಮೂರು ತಿಂಗಳು ನೀರು ಹೊಡೆಯುತ್ತಿದ್ದೆ.

ದೋಣಿಯಲ್ಲಿ ಕೈ ಹಾಕಿದೆ. ರೆಡ್‌ವುಡ್ ಮರದ ಎಲೆಕಡ್ಡಿ, ಮೊಣಕೈ ಉದ್ದಕ್ಕೂ. ಮೇಲೆ ತಾಮ್ರದ ಬಣ್ಣದ ಒಣ ಪದರ, ಕೆಳಗೆ ಕಪ್ಪಗೆ ಪುಡಿ, ಬೆರಳಲ್ಲಿ ತಿಕ್ಕಿದರೆ ನಶ್ಯದ ಹಾಗೆ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ದರಕು ಎನ್ನುತ್ತೇವೆ. ಒಂದು ಹಿಡಿ ತಂದು ಕಾಂಕ್ರೀಟಿನ ಮೇಲೆ ಇಟ್ಟು ಊದಿನಕಡ್ಡಿಯ ಕೆಂಡ ತಾಗಿಸಿದೆ. ಮೊದಲು ಹೊಗೆ, ಆಮೇಲೆ ಒಳಗೊಳಗೇ ಹರಿಯುವ ಕೆಂಪು ಗೆರೆ. ಊದಿದರೆ ಭಗ್ಗೆಂದಿತು. ಇನ್ನೊಂದು ಹಿಡಿಯನ್ನು ಒದ್ದೆ ಮಾಡಿ ಇಟ್ಟಾಗ ಊದಿನಕಡ್ಡಿಯೇ ಆರಿತು. ನನ್ನ ಪಾಲಿಗೆ ಇಡೀ ಯೋಜನೆಯ ಅತ್ಯುತ್ತಮ ಪ್ರಯೋಗ ಇದು. ಖರ್ಚು ಒಂದು ಊದಿನಕಡ್ಡಿ.

ಕ್ಯಾಲಿಫೋರ್ನಿಯಾ 2022ರಲ್ಲಿ ವಿಮೆಯ ರಿಯಾಯಿತಿಗೆಂದು ಮನೆ ಭದ್ರಪಡಿಸುವ ಕ್ರಮಗಳ ಪಟ್ಟಿಯೊಂದನ್ನು ನಿಯಮವಾಗಿ ತಂದಿದೆ. ಮನೆಯ ಸುತ್ತ ಐದು ಅಡಿ ಏನೂ ಉರಿಯದಂತೆ ಇಡುವುದು ಅದರಲ್ಲಿದೆ, ಗೋಡೆಯ ಕೆಳಗಿನ ಆರು ಇಂಚು ಇದೆ, ಗಾಳಿಕಿಂಡಿ ಇದೆ. ಸ್ಪ್ರಿಂಕ್ಲರ್ ಇಲ್ಲ. ಓದಿದಾಗ ಸಿಟ್ಟು ಬಂದಿತ್ತು, ದರಕಿನ ಪ್ರಯೋಗದ ಮೇಲೆ ಇಳಿಯಿತು.

ಸ್ಪ್ರಿಂಕ್ಲರ್ ದಂಡ ಎಂದು ಹೇಳುತ್ತಿಲ್ಲ. 2007ರಲ್ಲಿ ಮಿನೆಸೋಟದ ಗನ್‌ಫ್ಲಿಂಟ್ ಟ್ರೇಲ್ ಉದ್ದಕ್ಕೂ ಹ್ಯಾಮ್ ಲೇಕ್ ಬೆಂಕಿ ಹರಡಿದಾಗ, ಸ್ಪ್ರಿಂಕ್ಲರ್ ಓಡುತ್ತಿದ್ದ ಮನೆಗಳು ಬಹುಪಾಲು ಉಳಿದವು. ಅಲ್ಲಿ ಪ್ರೊಪೇನ್ ಪಂಪುಗಳು ಪಕ್ಕದ ಕೆರೆಯಿಂದಲೇ ನೀರೆತ್ತುತ್ತಿದ್ದವು. ನನ್ನ ಬಳಿ ಕೆರೆಯಿಲ್ಲ, 9,400 ಲೀಟರ್ ಇದೆ. ಅದನ್ನು ಬೇಲಿಯಾಚೆ ಎಸೆಯುವಷ್ಟು ಶ್ರೀಮಂತಿಕೆ ನನಗಿಲ್ಲ.

ಜುಲೈ 20

ಛಾವಣಿಯ ಮೂರೂ ಸ್ಪ್ರಿಂಕ್ಲರ್ ಇಳಿಸಿದೆ. ಅವುಗಳ ಬದಲು ಹಿತ್ತಾಳೆಯ ಹದಿನಾಲ್ಕು ಸಣ್ಣ ನಳಿಗೆ, ಪ್ರತಿಯೊಂದೂ ನಿಮಿಷಕ್ಕೆ ಒಂದು ಲೀಟರಿಗೆ ತುಸು ಹೆಚ್ಚು. ಎಂಟು ಸೂರಿನ ಅಡಿಯಿಂದ ಗೋಡೆಗೂ ಬುಡದ ಐದು ಅಡಿ ಪಟ್ಟಿಗೂ ಮುಖ ಮಾಡಿವೆ, ನಾಲ್ಕು ಜಗಲಿಗೆ, ಎರಡು ಜಗಲಿಯ ಅಡಿಗೆ. ನೀರು ಗೋಡೆಗೆ ಅಂಟಿಕೊಂಡೇ ಇಳಿಯುವುದರಿಂದ ಗಾಳಿಗೆ ಸಿಗುವುದು ಕಡಿಮೆ. ನೆತ್ತಿಗೆ ಏರಿಸುವ ನಾಲ್ಕು ಮೀಟರ್ ಎತ್ತರವೂ ಉಳಿಯಿತು, ಅಂದರೆ 0.4 ಬಾರ್ ಒತ್ತಡ ಉಚಿತ.

ಪಿವಿಸಿ ಪೈಪನ್ನೂ ಕಿತ್ತು ಹಾಕಿದೆ. 2020ರಲ್ಲಿ ಇದೇ ಕಣಿವೆಯ ನೀರು ಸರಬರಾಜಿನ ಪ್ಲಾಸ್ಟಿಕ್ ಕೊಳವೆಗಳು ಮೈಲಿಗಟ್ಟಲೆ ಕರಗಿಹೋಗಿದ್ದವು. ಅದು ಗೊತ್ತಿದ್ದೂ ಬಿಳಿ ಪೈಪು ಕಟ್ಟಿದ್ದೆನಲ್ಲ! ಈಗ ನೆಲದಡಿ ಒಂದೂವರೆ ಅಡಿ ಆಳದಲ್ಲಿ ಪ್ಲಾಸ್ಟಿಕ್, ಮೇಲೆ ಬಂದದ್ದೆಲ್ಲ ತಾಮ್ರ. ಬೆಸುಗೆ ಹಾಕಿ ಹಾಕಿ ಬೆನ್ನು ಬಿದ್ದುಹೋಯಿತು. ಖರ್ಚು ಒಟ್ಟು 1,400 ಡಾಲರಿನ ಹತ್ತಿರ ಬಂದಿದೆ, ಅದರಲ್ಲಿ ತಾಮ್ರದ್ದೇ ದೊಡ್ಡ ಪಾಲು.

ಗಾಳಿಕಿಂಡಿಗಳಿಗೆ ಇಂಚಿನ ಎಂಟನೇ ಒಂದು ಭಾಗದ ಕಣ್ಣಿನ ಲೋಹದ ಜಾಲರಿ. ಅದನ್ನು ಮಗಳು ಮಾಡಿದಳು.

ಆಗಸ್ಟ್ 17

ಓಟದ ಲೆಕ್ಕ: ಐದು ನಿಮಿಷ ಓಟ, ಹತ್ತು ನಿಮಿಷ ಬಿಡುವು. ಸುತ್ತಿಗೆ 80 ಲೀಟರ್, ಗಂಟೆಗೆ 320. ಟ್ಯಾಂಕು 29 ಗಂಟೆ ಬರುತ್ತದೆ. ಬ್ಯಾಟರಿ ಇಪ್ಪತ್ತಕ್ಕೇ ಬರಿದು, ಅದಕ್ಕೆ ಇನ್ನೊಂದು ಸೇರಿಸಿದೆ. ಸೋಲಾರ್ ಪ್ಯಾನೆಲ್ ಹಾಕಬಹುದಲ್ಲ ಎಂದು ಗೆಳೆಯ ಕೇಳಿದ. ಹಾಕಿದ್ದೇನೆ, ಮಾಮೂಲಿ ದಿನದಲ್ಲಿ ಬ್ಯಾಟರಿ ತುಂಬಿಡಲು. ಬೆಂಕಿಯ ದಿನದ ಲೆಕ್ಕದಲ್ಲಿ ಅದು ಸೊನ್ನೆ. 2020ರ ಸೆಪ್ಟೆಂಬರ್ 9ರಂದು ಇಲ್ಲಿ ಹಗಲು ಹನ್ನೊಂದಕ್ಕೆ ಆಕಾಶ ಕಿತ್ತಳೆಯಾಗಿ, ದೀಪ ಹಾಕಿ ಕೂತವರನ್ನು ಕೇಳಿ.

ತಾನಾಗಿ ಬೆಂಕಿ ಗುರುತಿಸುವ ಸೆನ್ಸರ್ ಬೇಡ ಎಂದು ತೀರ್ಮಾನಿಸಿದೆ. ನೆರೆಮನೆಯ ಬಾರ್ಬೆಕ್ಯೂಗೆ ಹೆದರಿ ಟ್ಯಾಂಕು ಖಾಲಿ ಮಾಡುವ ಯಂತ್ರ ನನಗೆ ಬೇಡ. ಮೊಬೈಲಿನಿಂದ ದೂರದಲ್ಲಿ ಕೂತು ಚಾಲೂ ಮಾಡುವುದೂ ಇಲ್ಲ. 2019ರ ಅಕ್ಟೋಬರಿನ ವಿದ್ಯುತ್ ಕಡಿತದಲ್ಲಿ ಮೊಬೈಲ್ ಟವರುಗಳೇ ಮಲಗಿದ್ದವು. ಗ್ಯಾರೇಜಿನ ಬಾಗಿಲ ಪಕ್ಕ ಕೆಂಪು ಗುಂಡಿ ಒಂದು. ಮನೆ ಬಿಡುವವರು ಅದನ್ನು ಒತ್ತಿ ಬಿಡಬೇಕು.

ಅಕ್ಟೋಬರ್ 12

ಮೀಟರ್ ಪೆಟ್ಟಿಗೆಯ ಮುಖ್ಯ ಸ್ವಿಚ್ ಆರಿಸಿ ಇಡೀ ರಾತ್ರಿಯ ಪರೀಕ್ಷೆ. ಗುಂಡಿ ಒತ್ತಿದ್ದು ನನ್ನ ಹೆಂಡತಿ, ನನ್ನ ಸಹಾಯವಿಲ್ಲದೆ. ಕತ್ತಲೆಯಲ್ಲಿ ಪಂಪು ಗುರ್ ಎಂದು ಐದು ನಿಮಿಷ, ಆಮೇಲೆ ಸೂರಿನಿಂದ ತೊಟ್ಟಿಕ್ಕುವ ಸದ್ದು. ಬೆಳಗ್ಗೆ ಹನ್ನೆರಡು ಡಬ್ಬಿಯಲ್ಲಿ ಹತ್ತರಲ್ಲಿ ನೀರಿತ್ತು. ಒಂದನ್ನು ರಕೂನ್ ಉರುಳಿಸಿತ್ತು. ಇನ್ನೊಂದು, ಜಗಲಿಯ ಮೂಲೆಯದು, ಒಣಗಿತ್ತು. ಅಲ್ಲಿನ ನಳಿಗೆ ಬಿಚ್ಚಿದರೆ ಒಳಗೆ ತುಕ್ಕಿನ ಬಣ್ಣದ ಹೂಳು. ನಮ್ಮ ಬಾವಿಯ ನೀರಿನಲ್ಲಿ ಕಬ್ಬಿಣ ಹೆಚ್ಚು.

ಚಿಕ್ಕಪ್ಪನಿಗೆ ಫೋಟೊ ಕಳಿಸಿದೆ. ಫಿಲ್ಟರನ್ನು ಪಂಪಿನ ಆಚೆಗೂ ಒಂದು ಹಾಕು, ನಮ್ಮಲ್ಲಿ ಎರಡು ಇದೆ ಎಂದರು. ಶನಿವಾರ ತರಬೇಕು. ಅದಕ್ಕೆ ಮೊದಲು ದೋಣಿಯ ದರಕು ಮತ್ತೆ ತೆಗೆಯಬೇಕು. ಈ ವಾರದ ಗಾಳಿಗೆ ನಾಲ್ಕು ಬೆರಳು ತುಂಬಿದೆ.