ನಾನು ಕತ್ತರಿಸಿದ ಛಾವಣಿ

ನಾನು ಬರ್ಲಿನ್‌ನಲ್ಲಿ ಒಂದು ಸಣ್ಣ ಆರ್ಕಿಟೆಕ್ಟ್ ಕಚೇರಿಯಲ್ಲಿದ್ದೇನೆ. ಸೇರಿದ ಹೊಸದರಲ್ಲಿ ಒಂದು ಶಾಲೆಯ ಬಸ್ ಸ್ಟಾಪಿಗೆ ನಕ್ಷೆ ಮಾಡುತ್ತಿದ್ದೆ. ಖರ್ಚು ಮೀರಿತ್ತು. ಛಾವಣಿಯ ಕೊನೆಯಲ್ಲಿ ಮೂರು ಮೀಟರ್ ತೆಗೆದುಬಿಟ್ಟೆ. ಲೆಕ್ಕ ಸರಿಹೋಯಿತು. ಸೀನಿಯರ್ ಅದನ್ನು ನೋಡಿ, "ಜಾಕೆಟ್ ಹಾಕಿಕೊಂಡು ಬನ್ನಿ" ಎಂದಷ್ಟೇ ಹೇಳಿ ಸೆಂಟ್ರಲ್ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಇಲ್ಲಿಯವರ ಬಾಯಲ್ಲಿ ಅದು ಹೌಪ್ಟ್‌ಬಾನ್‌ಹೋಫ್. ಹೊರಗೆ ಜಿಟಿಜಿಟಿ ಮಳೆ.

ಮೊದಲು ಎಲ್ಲಕ್ಕಿಂತ ಕೆಳಗಿನ ಪ್ಲಾಟ್‌ಫಾರ್ಮಿಗೆ ಇಳಿದೆವು. ಅದು ರಸ್ತೆಗಿಂತ ಸುಮಾರು 15 ಮೀಟರ್ ಆಳದಲ್ಲಿದೆ. ಉತ್ತರ-ದಕ್ಷಿಣದ ರೈಲುಗಳು ಅಲ್ಲಿ ಓಡುತ್ತವೆ. ಪೂರ್ವ-ಪಶ್ಚಿಮದ ರೈಲುಗಳು ರಸ್ತೆಯಿಂದ 10 ಮೀಟರ್ ಮೇಲೆ. ಅಷ್ಟು ಕೆಳಗೆ ನಿಂತು ತಲೆ ಎತ್ತಿದರೂ ಆಕಾಶದ ಬೆಳಕು ಕಾಣುತ್ತದೆ! ಪ್ರತಿ ಅಂತಸ್ತಿನಲ್ಲೂ ದೊಡ್ಡ ದೊಡ್ಡ ತೆರಪು ಬಿಟ್ಟಿದ್ದಾರೆ. ಗಾಜಿನ ಛಾವಣಿಯ ಬೆಳಕು ಅಲ್ಲಿಂದ ಇಳಿಯುತ್ತದೆ. ಮೈನ್‌ಹಾರ್ಡ್ ಫಾನ್ ಗೆರ್ಕಾನ್ ಅವರ ವಿನ್ಯಾಸ ಇದು. ನನಗೆ ಈ ಸ್ಟೇಷನ್ನಿನಲ್ಲಿ ಜಾಸ್ತಿ ಇಷ್ಟವಾಗುವುದೇ ಈ ಬೆಳಕು.

ಈ ಜಾಗದಲ್ಲಿ 1871ರಲ್ಲಿ ಲೆರ್ಟರ್ ಎಂಬ ಸ್ಟೇಷನ್ ಶುರುವಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಹಾಳಾಯಿತು. ಊರು ಪೂರ್ವ, ಪಶ್ಚಿಮ ಎಂದು ಎರಡಾದ ಮೇಲೆ ರೈಲೂ ನಿಂತಿತು, ಕಟ್ಟಡವನ್ನೂ ಕೆಡವಿದರು. ಬರ್ಲಿನ್ ಗೋಡೆ ಬಿದ್ದ ಮೇಲೆ, ನಾಲ್ಕೂ ದಿಕ್ಕಿನ ರೈಲು ಒಂದೇ ಕಡೆ ಸೇರಲಿ ಎಂದು ಹೊಸದನ್ನು ಕಟ್ಟಿದರು. ಸುರಂಗ ತೋಡಲು ಪಕ್ಕದ ಸ್ಪ್ರೇ ನದಿಯ ಹರಿವನ್ನೇ 1996ರಿಂದ 1998ರವರೆಗೆ ಬೇರೆ ಕಡೆ ತಿರುಗಿಸಿದ್ದರು. ಸ್ಟೇಷನ್ ಶುರುವಾದದ್ದು 2006ರ ಮೇನಲ್ಲಿ.

ಆಮೇಲೆ ಸೀನಿಯರ್ ನನ್ನನ್ನು ಮೇಲಿನ ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆಸಿದರು. ಛಾವಣಿ ಮುಗಿಯಿತು, ಪ್ಲಾಟ್‌ಫಾರ್ಮ್ ಮುಗಿಯಲಿಲ್ಲ. ಛಾವಣಿಯ ಉದ್ದ 321 ಮೀಟರ್. ಐಸಿಇ ಎಂಬ ಇಲ್ಲಿನ ವೇಗದ ರೈಲು ಎರಡನ್ನು ಜೋಡಿಸಿ ಓಡಿಸಿದರೆ ಸುಮಾರು 400 ಮೀಟರ್ ಆಗುತ್ತದೆ. ಮೂಲ ನಕ್ಷೆಯಲ್ಲಿ ಛಾವಣಿ ಇದಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಉದ್ದವಿತ್ತು. 2006ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಮುಗಿಸಬೇಕೆಂದು ಕಡಿಮೆ ಮಾಡಿದರು. ಅಲ್ಲೊಬ್ಬ ಅಜ್ಜಿ ಸೂಟ್‌ಕೇಸ್ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ಅವರ ಸೀಟು ಕೊನೆಯ ಬೋಗಿಯಲ್ಲಿತ್ತು, ಅಷ್ಟೇ. ಸೀನಿಯರ್ ಆಗಲೂ ಏನೂ ಹೇಳಲಿಲ್ಲ. ಇಬ್ಬರೂ ಸುಮ್ನೆ ನೆನೆಯುತ್ತಾ ನಿಂತೆವು.

ಮಾರನೇ ದಿನ ಶಾಲೆಯ ಹತ್ತಿರ ಹೋಗಿ ಟೇಪ್ ಹಿಡಿದು ಅಳೆದೆ. ಬಸ್ಸು ಎಲ್ಲಿ ನಿಲ್ಲುತ್ತದೆ, ಬಾಗಿಲು ಎಲ್ಲಿ ಬರುತ್ತದೆ ಎಂದು ಗುರುತು ಹಾಕಿದೆ. ನಾನು ತೆಗೆದಿದ್ದ ಮೂರು ಮೀಟರ್ ಸರಿಯಾಗಿ ಹಿಂಬಾಗಿಲಿನ ಎದುರಿಗೇ ಇತ್ತು. ಅದನ್ನು ವಾಪಸ್ ಸೇರಿಸಿ, ಕಂಬಗಳಿಗೆ ಹಾಕಿದ್ದ ದುಬಾರಿ ಹೊದಿಕೆಯನ್ನು ತೆಗೆದೆ.