ಯಾರ ಎದುರು ಧೈರ್ಯ?

"ಈ ಕಾಲದಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಧೈರ್ಯ ಬೇಕು ಅನ್ನುತ್ತೀರಲ್ಲ, ಯಾರ ಎದುರು?" ಆಗಾಗ ಕೇಳಿಬರುವ ಪ್ರಶ್ನೆ ಇದು. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಹೊರಗಿನ ವೈರಿಯೊಬ್ಬ ಇರುತ್ತಾನೆ. ಆ ಅಪಾಯ ಸುಳ್ಳಲ್ಲ. 2015ರಲ್ಲಿ ಲಿಬಿಯಾದ ಕಡಲತೀರದಲ್ಲಿ ಐಸಿಸ್ ಉಗ್ರರು 21 ಮಂದಿ ಕ್ರೈಸ್ತ ಕೆಲಸಗಾರರ ಕತ್ತು ಕೊಯ್ದರು. ಹಾಗೆ ಪ್ರಾಣ ಕೊಟ್ಟವರ ಮುಂದೆ ನನ್ನಂಥವರು ಧೈರ್ಯದ ಬಗ್ಗೆ ಬರೆಯುವುದೇ ತುಸು ಅಧಿಕಪ್ರಸಂಗ.

ಆದರೂ ಕೇಳಿದರೆ ಹೇಳುತ್ತೇನೆ: ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ನಮ್ಮವರ ಎದುರು ನಿಲ್ಲುವ ಧೈರ್ಯ.

ಯೇಸುವಿನ ಶಿಷ್ಯ ಪೇತ್ರನನ್ನೇ ನೋಡಿ. ಯೆಹೂದ್ಯರ ಹಿರೀಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರ ಮಾತು ಕೇಳಬೇಕು ಎಂದವನು. ಏಟು ತಿಂದರೂ ಸುಮ್ಮನಾಗದವನು. ಅದೇ ಪೇತ್ರ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದ. ಅನ್ಯರ ಜೊತೆ ಉಣ್ಣುವುದನ್ನು ಒಪ್ಪದ ಯೆಹೂದಿ ವಿಶ್ವಾಸಿಗಳು, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು, ಬಂದದ್ದೇ ತಡ, ಮೆಲ್ಲಗೆ ಪಂಕ್ತಿ ಬಿಟ್ಟ. ಹೊಡೆತಕ್ಕೆ ಅಂಜದವನು ಸ್ವಂತ ಜನ ಏನೆಂದಾರೋ ಎಂದು ಅಂಜಿದ. ಅವನನ್ನು ನೋಡಿ ಜೊತೆ ಸೇವಕ ಬಾರ್ನಬನೂ ಸರಿದ. ಕೊನೆಗೆ ಅಪೊಸ್ತಲ ಪೌಲ ಎಲ್ಲರೆದುರೇ ಮುಖಕ್ಕೆ ಹೇಳಬೇಕಾಯಿತು.

ಇನ್ನೊಬ್ಬ ಆಸ್ಟ್ರಿಯಾದ ರೈತ, ಫ್ರಾನ್ಸ್ ಯೇಗರ್‌ಸ್ಟೆಟರ್. ಹಿಟ್ಲರನ ಯುದ್ಧದಲ್ಲಿ ಬಂದೂಕು ಹಿಡಿಯಲಾರೆ ಎಂದ. ನಾಜಿಗಳು ಬೆದರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವನ ಬಿಷಪ್ಪರೇ, ನಿನಗೆ ಸಂಸಾರವಿದೆ, ಯುದ್ಧದ ನ್ಯಾಯಾನ್ಯಾಯ ತೂಗುವುದು ನಿನ್ನ ಹೊಣೆಯಲ್ಲ ಎಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಒಳ್ಳೆಯ ಮಾತಿನ ರೂಪದಲ್ಲಿ ಬರುವ ಈ ಒತ್ತಡವನ್ನು ತಡೆದುಕೊಳ್ಳುವುದು ಬೆದರಿಕೆಯನ್ನು ತಡೆದುಕೊಳ್ಳುವುದಕ್ಕಿಂತ ಕಷ್ಟ ಎಂದೇ ನನ್ನ ಭಾವನೆ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಗಂಡನ ಬೆನ್ನಿಗೆ ನಿಂತ ಫ್ರಾನ್ಸಿಸ್ಕಾಳನ್ನು ಯುದ್ಧ ಮುಗಿದ ಮೇಲೂ ಊರವರು ದೂರಿದರು. ಚರ್ಚು ಅವನನ್ನು ಧನ್ಯರ (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನವರ) ಸಾಲಿಗೆ ಸೇರಿಸಿದ್ದು 2007ರಲ್ಲಿ.

ಹಾಗಂತ ಜಗಳ ಹುಡುಕಿಕೊಂಡು ಹೋಗುವುದು ಧೈರ್ಯವಲ್ಲ. ಎರಡನೇ ಶತಮಾನದಲ್ಲಿ, ರೋಮನ್ನರ ಕೈಕೆಳಗಿದ್ದ ಸ್ಮಿರ್ನ ಪಟ್ಟಣದಲ್ಲಿ (ಇಂದಿನ ಟರ್ಕಿಯಲ್ಲಿದೆ), ಕ್ವಿಂಟಸ್ ಎಂಬಾತ ವಿಶ್ವಾಸಕ್ಕಾಗಿ ಸಾಯುವ ರಕ್ತಸಾಕ್ಷಿಯಾಗಲು ತಾನಾಗಿ ಮುಂದೆ ಬಂದ, ಕೊಲ್ಲಲು ತಂದ ಮೃಗಗಳನ್ನು ಕಂಡದ್ದೇ ನಡುಗಿ ವಿಶ್ವಾಸ ಬಿಟ್ಟ. ಅದೇ ಊರಿನ ಮುದಿ ಬಿಷಪ್ ಪಾಲಿಕಾರ್ಪ್ ಮೊದಲು ಹಳ್ಳಿಮನೆಯಲ್ಲಿ ಅಡಗಿದ್ದರು; ಹಿಡಿಯಲು ಬಂದವರಿಗೆ ಊಟ ಹಾಕಿಸಿ, ಪ್ರಾರ್ಥನೆ ಮಾಡಿ, ಅವರೊಡನೆ ನಡೆದರು. ಕ್ರಿಸ್ತನನ್ನು ಬೈಯಲು ಮಾತ್ರ ಒಪ್ಪಲಿಲ್ಲ.

ನಮ್ಮ ಪಾಲಿಗೆ ಇದೆಲ್ಲ ಬಹಳ ಸಣ್ಣ ರೂಪದಲ್ಲಿ ಬರುತ್ತದೆ. ಕಾಣಿಕೆ ಹಣದ ಲೆಕ್ಕ ಕೇಳುವುದು. ಪ್ರಾರ್ಥನಾ ಗುಂಪಿನ ವಾಟ್ಸಾಪ್‌ನಲ್ಲಿ ಇನ್ನೊಂದು ಧರ್ಮದವರ ಬಗ್ಗೆ ಸುಳ್ಳು ಸಂದೇಶ ಬಂದಾಗ, ಕಳಿಸಿದವರು ಹಿರಿಯರಾದರೂ, ಇದು ಸುಳ್ಳು ಎನ್ನುವುದು.

ಇದರಿಂದ ಸಭೆ ಒಡೆಯುವುದಿಲ್ಲವೇ ಎಂದು ಮತ್ತೆ ಕೇಳುತ್ತಾರೆ. ಯೇಸು ಸ್ವಾಮಿ ಹೇಳಿದ ಕ್ರಮವೇ ಇದೆಯಲ್ಲ: ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆಗೆ ತಿಳಿಸು. ನಾವು ಮೊದಲ ಮೆಟ್ಟಿಲಲ್ಲೇ ನಿಂತು ಅದಕ್ಕೆ ಸಮಾಧಾನ ಎಂದು ಹೆಸರಿಡುತ್ತೇವೆ. ಮಗುವಿನ ಮೇಲೆ ಕೈ ಹಾಕಿದವನ ವಿಷಯವಾದರೆ ಈ ಮೆಟ್ಟಿಲುಗಳ ಲೆಕ್ಕವೇ ಬೇಡ, ಅವನು ಪಾಸ್ಟರ್ ಆಗಿದ್ದರೂ ನೇರವಾಗಿ ಪೊಲೀಸರಿಗೆ ಹೇಳಿ.